ಮರುಭೂಮಿಯ ಒಳದಾರಿಯಲ್ಲಿ ಮೊದಲ ಪಯಣ: ಪದೇ ಪದೇ ಕೇಳುವ ಪ್ರಶ್ನೆಗಳು

ಡಾಂಬರು ಮುಗಿದು ಮರಳು, ಜಲ್ಲಿ, ಬಂಡೆ ಶುರುವಾಗುವ ಕಡೆ ಮೊದಲ ಬಾರಿಗೆ ಗಾಡಿ ಇಳಿಸಲು ಹೊರಟವರಿಗಾಗಿ ಈ ಪುಟ. ಪ್ರಶ್ನೆಗಳು ಹಲವಾದರೂ ಉತ್ತರಗಳೆಲ್ಲ ಒಂದೇ ಕಡೆಯಿಂದ ಹೊರಡುತ್ತವೆ: ಗಾಡಿ ಈಗ, ಇದೇ ಜಾಗದಲ್ಲಿ ನಿಂತುಬಿಟ್ಟರೆ ಮುಂದೇನು? ಇದಕ್ಕೆ ಹೊರಡುವ ಮೊದಲೇ ಉತ್ತರ ಕಂಡುಕೊಂಡವರಿಗೆ ಮರುಭೂಮಿಯಷ್ಟು ಉದಾರವಾದ ಜಾಗ ಇನ್ನೊಂದಿಲ್ಲ. ಕಂಡುಕೊಳ್ಳದವರು ಅಲ್ಲಿ ಹೋಗಬಾರದು ಎಂದೇ ನನ್ನ ಖಚಿತ ಅಭಿಪ್ರಾಯ.

ಮೊದಲ ಸಲಕ್ಕೆ ಎಂಥ ಜಾಡನ್ನು ಆರಿಸಿಕೊಳ್ಳಬೇಕು?

ಚಿಕ್ಕದನ್ನು. ಬೆಳಿಗ್ಗೆ ಹೊರಟು, ಹೋದ ದಾರಿಯಲ್ಲೇ ಮರಳಿ, ಕತ್ತಲಾಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಡಾಂಬರಿಗೆ ಬಂದು ಸೇರುವಂಥದ್ದು. ಹೋದ ದಾರಿಯಲ್ಲೇ ಮರಳುವುದರಲ್ಲಿ ದೊಡ್ಡ ಅನುಕೂಲವಿದೆ: ಬರುವಾಗ ಎದುರಾಗುವ ಪ್ರತಿಯೊಂದು ಕಷ್ಟವನ್ನೂ ಹೋಗುವಾಗಲೇ ನೋಡಿರುತ್ತೀರಿ. ಸುತ್ತು ಹಾಕಿ ಬರುವ ಜಾಡಿನಲ್ಲಿ ಅತಿ ಕಠಿಣವಾದ ಭಾಗ ಕೊನೆಯ ಹತ್ತು ಕಿಲೋಮೀಟರ್‌ನಲ್ಲಿ ಕಾದು ಕುಳಿತಿದ್ದರೆ, ದಣಿದ ಕೈಗಳು ಮತ್ತು ಇಳಿಯುತ್ತಿರುವ ಸೂರ್ಯನ ಜೊತೆ ಅದನ್ನು ಎದುರಿಸಬೇಕಾಗುತ್ತದೆ.

ಹೆಸರಾಂತ ಜಾಡುಗಳ ಚಿತ್ರಗಳನ್ನು ನೋಡಿ ಮನಸೋಲುವುದು ಸಹಜ. ಅಮೆರಿಕದ ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ವೈಟ್ ರಿಮ್ ದಾರಿ ಸುಮಾರು 160 ಕಿಲೋಮೀಟರ್ ಉದ್ದವಿದೆ. ಒಂದು ದಿನದ ಮಟ್ಟಿಗೆ ಹೋಗಲೂ ಪರವಾನಗಿ ಬೇಕು. ಆಸ್ಟ್ರೇಲಿಯಾದ ಸಿಂಪ್ಸನ್ ಮರುಭೂಮಿಯಲ್ಲಿ ಸಾಲುಸಾಲಾಗಿ ಸಾವಿರಕ್ಕೂ ಹೆಚ್ಚು ಮರಳದಿಬ್ಬಗಳಿವೆ. ಅವೆಲ್ಲ ನಿಮಗಾಗಿ ಕಾಯುತ್ತವೆ. ಮೊದಲ ಸಲ ನೀವು ಕಲಿಯಬೇಕಾಗಿರುವುದು ನಿಮ್ಮ ಗಾಡಿಯ ಸ್ವಭಾವವನ್ನು, ಆ ಪಾಠಕ್ಕೆ 30 ಕಿಲೋಮೀಟರ್ ಮಣ್ಣುದಾರಿ ಧಾರಾಳವಾಗಿ ಸಾಕು.

ವೇಗದ ಲೆಕ್ಕವನ್ನೂ ಹೊಸದಾಗಿ ಹಾಕಬೇಕು. ಸಾಧಾರಣ ಒಳದಾರಿಯಲ್ಲಿ ಗಂಟೆಗೆ 15ರಿಂದ 20 ಕಿಲೋಮೀಟರ್ ಎಂದು ಹಿಡಿಯಿರಿ. ಬಂಡೆಗಳಿರುವ ಕಡೆ ನಡೆಯುವವರು ನಿಮ್ಮನ್ನು ಹಿಂದೆ ಹಾಕಬಹುದು. ಹೊರಡುವ ಮೊದಲೇ ಒಂದು ಗಡಿಯಾರದ ಸಮಯವನ್ನು ನಿಗದಿ ಮಾಡಿ. ಆ ಹೊತ್ತಿಗೆ ಎಲ್ಲಿದ್ದರೂ ಸರಿ, ಗುರಿ ಮುಂದಿನ ತಿರುವಿನಲ್ಲೇ ಇದ್ದರೂ ಸರಿ, ಅಲ್ಲಿಂದ ಹಿಂದಿರುಗಬೇಕು.

ಜಾಡಿನ ಈಗಿನ ಸ್ಥಿತಿ ತಿಳಿಯುವುದು ಹೇಗೆ?

ಆ ಪ್ರದೇಶವನ್ನು ನೋಡಿಕೊಳ್ಳುವ ಅರಣ್ಯ ಇಲಾಖೆ ಅಥವಾ ಉದ್ಯಾನದ ಕಚೇರಿಗೆ ಹೊರಡುವ ಹಿಂದಿನ ದಿನ ಫೋನ್ ಮಾಡಿ ಕೇಳಿ. ಕಳೆದ ವರ್ಷ ಯಾರೋ ಸಲೀಸಾಗಿ ದಾಟಿದ ದಾರಿಯನ್ನು ಒಂದೇ ಮಳೆ ಮೊಣಕಾಲುದ್ದದ ಕೊರಕಲಾಗಿ ಮಾಡಿರುತ್ತದೆ. ಸುಲಭ, ಮಧ್ಯಮ, ಕಠಿಣ ಎಂಬ ಶ್ರೇಣಿಗಳಿಗೆ ಎಲ್ಲೆಡೆ ಒಂದೇ ಅಳತೆಗೋಲಿಲ್ಲ. ಒಬ್ಬರ ಮಧ್ಯಮ ಇನ್ನೊಬ್ಬರ ಕಠಿಣ.

ಯಾವ ಕಾಲ ಸೂಕ್ತ?

ಚಳಿಗಾಲ ಮತ್ತು ಅದರ ಆಚೀಚೆಯ ತಿಂಗಳುಗಳು. ಅಮೆರಿಕದ ಮೊಹಾವಿ ಮರುಭೂಮಿಗೆ ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಮೊದಲ ಭಾಗದವರೆಗೆ, ಅರೇಬಿಯಾದ ಮರಳುಗಾಡಿಗೆ ನವೆಂಬರ್‌ನಿಂದ ಫೆಬ್ರವರಿಯವರೆಗೆ, ಭೂಮಧ್ಯರೇಖೆಯ ಕೆಳಗಿರುವ ಆಸ್ಟ್ರೇಲಿಯಾಕ್ಕೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ಸಿಂಪ್ಸನ್ ಮರುಭೂಮಿಯ ಉದ್ಯಾನಗಳನ್ನಂತೂ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಮುಚ್ಚಿಯೇ ಬಿಡುತ್ತಾರೆ. ಅನುಭವಿಗಳಿಗೂ ಬೇಸಿಗೆಯಲ್ಲಿ ಅಲ್ಲಿ ತಪ್ಪಿಗೆ ಅವಕಾಶವಿಲ್ಲ ಎಂಬುದೇ ಅದರ ಕಾರಣ. ಮೊಹಾವಿಯ ಭಾಗವಾದ ಡೆತ್ ವ್ಯಾಲಿ ಕಣಿವೆಯಲ್ಲಿ 1913ರ ಜುಲೈ 10ರಂದು ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಇಂದಿಗೂ ಗಾಳಿಯ ಉಷ್ಣಾಂಶದ ಅಧಿಕೃತ ವಿಶ್ವದಾಖಲೆ. ನೆಲದ ಮೇಲ್ಮೈ ಅದಕ್ಕಿಂತಲೂ ಎಷ್ಟೋ ಹೆಚ್ಚು ಕಾಯುತ್ತದೆ.

ಚಳಿಗಾಲದ ರಾತ್ರಿಯಲ್ಲಿ ಇದೇ ನೆಲ ಸೊನ್ನೆಗಿಂತ ಕೆಳಗಿಳಿಯಬಹುದು. ಒಂದೇ ದಿನದ ಪಯಣವಾದರೂ ಕಂಬಳಿ ಅಥವಾ ಸ್ಲೀಪಿಂಗ್ ಬ್ಯಾಗ್ ಗಾಡಿಯಲ್ಲಿರಲಿ.

ನನ್ನ ಎಸ್‌ಯುವಿ ಸಾಕೇ, ಫೋರ್ ವೀಲ್ ಡ್ರೈವ್ ಬೇಕೇ ಬೇಕೇ?

ಎಸ್‌ಯುವಿ ಎಂಬ ಹೆಸರನ್ನು ನೋಡಬೇಡಿ, ಗಾಡಿಯ ಅಡಿಯನ್ನು ನೋಡಿ. ನೆಲದಿಂದ ಗಾಡಿಯ ಅತಿ ತಗ್ಗಿನ ಭಾಗದವರೆಗೆ ಕನಿಷ್ಠ 200 ಮಿಲಿಮೀಟರ್ ಅಂತರವಿರಲಿ. ಮುಂದಿನ ಬಂಪರ್ ಬಹಳ ಚಾಚಿಕೊಂಡಿದ್ದರೆ ಏರು ಶುರುವಾಗುವಲ್ಲೇ ಅದು ನೆಲಕ್ಕೆ ತಗಲುತ್ತದೆ; ಚಕ್ರಗಳ ನಡುವಿನ ಅಂತರ ಹೆಚ್ಚಿದ್ದರೆ ದಿಬ್ಬದ ನೆತ್ತಿಯ ಮೇಲೆ ಹೊಟ್ಟೆ ಕೂರುತ್ತದೆ.

ಗಟ್ಟಿಯಾದ ಜಲ್ಲಿದಾರಿಗೆ ಎರಡು ಚಕ್ರಗಳ ಚಾಲನೆಯ ಎತ್ತರದ ಗಾಡಿಯೂ ನಡೆಯುತ್ತದೆ. ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ತಾನಾಗಿ ಬಲ ಹಂಚುವ ವ್ಯವಸ್ಥೆ, ಇರುವ ನಗರದ ಕಾರುಗಳು ತೆಳು ಮರಳನ್ನು ದಾಟಬಲ್ಲವು, ಆದರೆ ಆಳ ಮರಳಿನಲ್ಲಿ ಬಹುಹೊತ್ತು ಏದುಸಿರು ಬಿಟ್ಟರೆ ಅವುಗಳ ಗೇರ್‌ಬಾಕ್ಸ್ ಕಾದು, ಗಾಡಿ ತಾನಾಗಿಯೇ ಶಕ್ತಿ ಕಡಿಮೆ ಮಾಡಿಕೊಳ್ಳುತ್ತದೆ. ದಿಬ್ಬಗಳಿಗೆ, ಬಂಡೆಗಳಿಗೆ ಲೋ ರೇಂಜ್ ಇರುವ ನಿಜವಾದ ಫೋರ್ ವೀಲ್ ಡ್ರೈವ್ ಬೇಕು. ಲೋ ರೇಂಜ್ ಹಾಕಿದಾಗ ಎಂಜಿನ್ ಅದೇ ಸುತ್ತಿನಲ್ಲಿದ್ದರೂ ಚಕ್ರ ಬಹಳ ನಿಧಾನವಾಗಿ, ಹೆಚ್ಚು ಬಲದಿಂದ ತಿರುಗುತ್ತದೆ. ಬ್ರೇಕ್ ಮುಟ್ಟದೆ ಇಳಿಜಾರು ಇಳಿಯಲು, ಕ್ಲಚ್ ಸುಡದೆ ಬಂಡೆ ಹತ್ತಲು ಅದೇ ಆಧಾರ. ಮನೆಯ ಹತ್ತಿರದ ಖಾಲಿ ಮಣ್ಣಿನ ಮೈದಾನದಲ್ಲಿ ಅದನ್ನು ಹಾಕಿ, ತೆಗೆದು ಅಭ್ಯಾಸ ಮಾಡಿಕೊಳ್ಳಿ. ಬೇಕೆಂದಾಗ ನಾಲ್ಕು ಚಕ್ರಕ್ಕೆ ಬದಲಿಸುವ ವ್ಯವಸ್ಥೆಯಿದ್ದರೆ ಒಣ ಡಾಂಬರಿನ ಮೇಲೆ ಅದನ್ನು ಬಳಸಬೇಡಿ, ಗೇರುಗಳು ಬಿಗಿದುಕೊಂಡು ಹಾಳಾಗುತ್ತವೆ.

ಬಾಡಿಗೆ ಗಾಡಿ ತೆಗೆದುಕೊಂಡು ಹೋಗಬಹುದೇ?

ಒಪ್ಪಂದವನ್ನು ಪೂರ್ತಿ ಓದಿ. ಹೆಚ್ಚಿನ ಬಾಡಿಗೆ ಒಪ್ಪಂದಗಳು ಕಚ್ಚಾ ದಾರಿಯನ್ನು ನಿಷೇಧಿಸುತ್ತವೆ, ಅಲ್ಲಿ ಏನಾದರೂ ಆದರೆ ವಿಮೆಯೂ ಸಿಗುವುದಿಲ್ಲ. ಒಳದಾರಿಗೆಂದೇ ಗಾಡಿ ಕೊಡುವವರಿಂದ ತೆಗೆದುಕೊಳ್ಳಿ, ಸ್ಟೆಪ್ನಿ ಮತ್ತು ಜ್ಯಾಕ್ ಇವೆಯೇ ಎಂದು ಅವರೆದುರೇ ತೆಗೆದು ನೋಡಿ.

ಒಂದೇ ಗಾಡಿಯಲ್ಲಿ ಹೋಗುವುದು ತಪ್ಪೇ?

ಮೊದಲ ಸಲಕ್ಕೆ ತಪ್ಪು. ಎರಡನೆಯ ಗಾಡಿಯೇ ಎಲ್ಲಕ್ಕಿಂತ ದೊಡ್ಡ ಸುರಕ್ಷತಾ ಸಲಕರಣೆ. ಒಂದು ಹೂತರೆ ಇನ್ನೊಂದು ಎಳೆಯುತ್ತದೆ, ಒಂದು ಕೆಟ್ಟರೆ ಎಲ್ಲರೂ ಇನ್ನೊಂದರಲ್ಲಿ ಮರಳಬಹುದು. ಆದ್ದರಿಂದ ಎರಡನೆಯ ಗಾಡಿಯಲ್ಲಿ ಎಲ್ಲರಿಗೂ ಆಸನವಿದೆಯೇ ಎಂಬುದನ್ನೂ ಯೋಚಿಸಿರಬೇಕು. ಜೊತೆಯ ಗಾಡಿ ಸಿಗದಿದ್ದರೆ ಬೇರೆ ವಾಹನಗಳು ನಿತ್ಯ ಓಡಾಡುವ ಜಾಡನ್ನೇ ಆರಿಸಿ, ಇಲ್ಲವೇ ಅನುಭವಿಗಳ ತಂಡದೊಡನೆ ಹೋಗಿ.

ಎಷ್ಟು ನೀರು ಒಯ್ಯಬೇಕು?

ಒಬ್ಬರಿಗೆ ದಿನಕ್ಕೆ ಕುಡಿಯಲು ಕನಿಷ್ಠ 4 ಲೀಟರ್. ಬಿಸಿಲು ಹೆಚ್ಚಿದ್ದರೆ, ಸನಿಕೆ ಹಿಡಿದು ಮರಳು ತೋಡಬೇಕಾಗಿ ಬಂದರೆ 6ರಿಂದ 8 ಲೀಟರ್. ಯೋಜಿಸಿದ ದಿನಗಳ ಮೇಲೆ ಇನ್ನೂ ಎರಡು ದಿನದ ನೀರನ್ನು ಸೇರಿಸಿ. ಅಂದರೆ ಇಬ್ಬರು ಒಂದೇ ದಿನಕ್ಕೆ ಹೊರಟರೂ ಗಾಡಿಯಲ್ಲಿ 24 ಲೀಟರ್ ಇರಲೇಬೇಕು. ರೇಡಿಯೇಟರಿಗೆ, ಕೈ ತೊಳೆಯಲು ಬೇಕಾದದ್ದು ಇದರ ಹೊರಗೆ.

ಎಲ್ಲವನ್ನೂ ಒಂದೇ ಕ್ಯಾನಿನಲ್ಲಿ ತುಂಬಬೇಡಿ. ಗಾಡಿ ಕುಲುಕಿ ಕ್ಯಾನ್ ಸೀಳಿದರೆ ಇಡೀ ದಾಸ್ತಾನು ಒಂದೇ ಸಲಕ್ಕೆ ಮರಳಿಗೆ ಹೋಗುತ್ತದೆ. 5 ಅಥವಾ 10 ಲೀಟರಿನ ಹಲವು ಕ್ಯಾನುಗಳಿರಲಿ, ಎರಡು ಗಾಡಿಗಳಿದ್ದರೆ ಎರಡರಲ್ಲೂ ಹಂಚಿಡಿ. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಓಆರ್‌ಎಸ್ ಪೊಟ್ಟಣಗಳನ್ನು ಇಟ್ಟುಕೊಳ್ಳಿ. ಕಷ್ಟ ಬಂದಾಗ ನೀರನ್ನು ಗುಟುಕು ಗುಟುಕಾಗಿ ಉಳಿಸಿ ಬಳಲುವುದಕ್ಕಿಂತ, ಬಾಯಾರಿದಾಗ ಕುಡಿದು, ನೆರಳಲ್ಲಿ ಕದಲದೆ ಕುಳಿತು ಬೆವರನ್ನು ಉಳಿಸುವುದೇ ಸರಿ. ಕ್ಯಾನಿನಲ್ಲಿ ನೀರು ಉಳಿದಿದ್ದೂ ಬಳಲಿ ಬಿದ್ದವರಿದ್ದಾರೆ.

ಇಂಧನದ ಲೆಕ್ಕ ಹೇಗೆ?

ಮರಳಿನಲ್ಲಿ, ಲೋ ರೇಂಜಿನಲ್ಲಿ ಗಾಡಿ ರಸ್ತೆಯಲ್ಲಿ ಕುಡಿಯುವುದಕ್ಕಿಂತ ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟು ಕುಡಿಯುತ್ತದೆ. ಹೆದ್ದಾರಿಯಲ್ಲಿ ಲೀಟರಿಗೆ 10 ಕಿಲೋಮೀಟರ್ ಕೊಡುವ ಗಾಡಿಯಿಂದ ಇಲ್ಲಿ 5 ನಿರೀಕ್ಷಿಸಿ. ಟ್ಯಾಂಕಿನ ಮೂರನೆಯ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಉಳಿದದ್ದನ್ನು ಮುಟ್ಟುವಂತಿಲ್ಲ. ಜಾಡಿಗೆ ಮುಂಚಿನ ಕೊನೆಯ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಮುಕ್ಕಾಲು ಇದ್ದರೂ ತುಂಬಿಸಿ. ಹೆಚ್ಚುವರಿ ಕ್ಯಾನ್ ಬೇಕಾದರೆ ಇಂಧನಕ್ಕೆಂದೇ ಮಾಡಿದ್ದನ್ನು ಬಳಸಿ, ಜನ ಕೂರುವ ಜಾಗದಲ್ಲಿ ಇಡಬೇಡಿ. ಛಾವಣಿಯ ಮೇಲೆ ಭಾರ ಹೇರಿದಷ್ಟೂ ಓರೆ ನೆಲದಲ್ಲಿ ಗಾಡಿ ಮಗುಚುವ ಅಪಾಯ ಹೆಚ್ಚುತ್ತದೆ.

ಟಯರಿನ ಗಾಳಿ ಇಳಿಸಬೇಕು ಎನ್ನುತ್ತಾರೆ. ಯಾಕೆ, ಎಷ್ಟು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನೇ ಓದಿ. ಹೊಸಬರು ಮರಳಿನಲ್ಲಿ ಹೂತುಹೋಗುವ ಘಟನೆಗಳಲ್ಲಿ ಬಹುಪಾಲಿಗೆ ಕಾರಣ ಎಂಜಿನ್ನಿನ ಬಲಹೀನತೆಯಲ್ಲ, ಟಯರಿನಲ್ಲಿ ಹೆಚ್ಚಾದ ಗಾಳಿ.

ಗಾಳಿ ಇಳಿಸಿದಾಗ ಟಯರು ಸ್ವಲ್ಪ ಅಗಲವಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ಉದ್ದಕ್ಕೆ ಚಾಚಿಕೊಂಡು ನೆಲವನ್ನು ಅಪ್ಪುತ್ತದೆ. ಗಾಡಿಯ ಅದೇ ತೂಕ ದೊಡ್ಡ ಜಾಗದ ಮೇಲೆ ಹಂಚಿಹೋಗಿ ಚಕ್ರ ಮರಳನ್ನು ಕತ್ತರಿಸಿ ಇಳಿಯುವ ಬದಲು ಮೇಲೆಯೇ ಸಾಗುತ್ತದೆ. ಬಂಡೆಗಳ ಮೇಲೆ ಮೃದುವಾದ ಟಯರು ಚೂಪು ಅಂಚನ್ನು ತನ್ನೊಳಗೆ ಮಡಚಿಕೊಂಡು ದಾಟುತ್ತದೆ. ಗರಗಸದಂತೆ ಅಲೆಅಲೆಯಾದ ಜಲ್ಲಿದಾರಿಯಲ್ಲಿ ಗಾಡಿಯ ಕೀಲುಕೀಲಿಗೂ ತಗಲುವ ಪೆಟ್ಟನ್ನು ಅದೇ ಮೊದಲು ನುಂಗುತ್ತದೆ.

ಮಧ್ಯಮ ತೂಕದ ಫೋರ್ ವೀಲ್ ಡ್ರೈವ್ ಗಾಡಿಗೆ ಆರಂಭದ ಅಂಕಿಗಳು ಇವು, ಗಾಳಿಯ ಒತ್ತಡದ ಅಳತೆಯಾದ ಪಿಎಸ್‌ಐ ಲೆಕ್ಕದಲ್ಲಿ. ಡಾಂಬರಿನಲ್ಲಿ 32ರಿಂದ 36 ಪಿಎಸ್‌ಐ, ಜಲ್ಲಿದಾರಿಗೆ 25ರಿಂದ 28, ಬಂಡೆಗಳಿಗೆ 20ರ ಆಸುಪಾಸು, ಮೆತ್ತಗಿನ ಮರಳಿಗೆ 15ರಿಂದ 18. ಹೂತುಹೋದಾಗ ಹೊರಬರಲಿಕ್ಕೆಂದು ಮಾತ್ರ 10ರಿಂದ 12ಕ್ಕೆ ಇಳಿಸಬಹುದು, ಹೊರಬಂದ ಕೂಡಲೇ ಮತ್ತೆ ಏರಿಸಬೇಕು. ಗಾಡಿ ಭಾರವಿದ್ದರೆ ಎರಡು ಮೂರು ಪಿಎಸ್‌ಐ ಹೆಚ್ಚಿಡಿ. ಟಯರು ತಣ್ಣಗಿರುವಾಗ ಅಳೆಯಿರಿ. ಓಡಿ ಕಾದ ಮೇಲೆ ಅಂಕಿ ತಾನಾಗಿ ಏರಿರುತ್ತದೆ.

ಗಾಳಿ ಇಳಿಸಿದ ಮೇಲೆ ಚಾಲನೆಯೂ ಬದಲಾಗಬೇಕು. 18 ಪಿಎಸ್‌ಐಯಲ್ಲಿ ಗಂಟೆಗೆ 40 ಕಿಲೋಮೀಟರ್ ದಾಟಬೇಡಿ, 12ರಲ್ಲಿ ತೆವಳುವ ವೇಗ ಮಾತ್ರ. ಸ್ಟೇರಿಂಗನ್ನು ರಭಸದಿಂದ ತಿರುಗಿಸಿದರೆ ಟಯರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಪಕ್ಕೆಗಳು ಉಬ್ಬಿರುವುದರಿಂದ ಚೂಪುಗಲ್ಲು, ಒಣ ಕೊಂಬೆಗಳು ಅಲ್ಲಿಗೇ ಚುಚ್ಚುತ್ತವೆ, ಪಕ್ಕೆ ಹರಿದರೆ ಅದಕ್ಕೆ ಪಂಕ್ಚರ್ ಹಾಕಲಾಗದು. ಮರಳಿ ಡಾಂಬರಿಗೆ ಬಂದಾಗ ವೇಗ ಹಿಡಿಯುವ ಮೊದಲು ಗಾಳಿ ತುಂಬಲೇಬೇಕು. ಕಡಿಮೆ ಗಾಳಿಯ ಟಯರು ಹೆದ್ದಾರಿಯ ವೇಗದಲ್ಲಿ ಕಾದು ಸಿಡಿಯುತ್ತದೆ.

ಹೀಗಾಗಿ ಗಾಳಿಯ ಅಳತೆ ನೋಡುವ ಗೇಜ್ ಮತ್ತು ಬ್ಯಾಟರಿಯಿಂದ ನಡೆಯುವ ಕಂಪ್ರೆಸರ್ ಎರಡೂ ಕಡ್ಡಾಯ. ಗಾಡಿಯಲ್ಲಿರುವ ಟಯರಿನಷ್ಟೇ ದೊಡ್ಡದಾದ ಸ್ಟೆಪ್ನಿ, ಪಂಕ್ಚರ್ ಹಾಕುವ ಕಿಟ್, ಅದನ್ನು ಬಳಸಿ ಅಭ್ಯಾಸವಿರುವ ಕೈಗಳು, ಇವೂ ಅಷ್ಟೇ ಕಡ್ಡಾಯ. ಡೆತ್ ವ್ಯಾಲಿಯ ರೇಸ್‌ಟ್ರ್ಯಾಕ್ ಒಣಸರೋವರಕ್ಕೆ ಹೋಗುವ ಸುಮಾರು 43 ಕಿಲೋಮೀಟರಿನ ಕಚ್ಚಾ ದಾರಿ ಅಂಚುಗಲ್ಲುಗಳಿಂದ ಟಯರು ಹರಿಯುವುದಕ್ಕೇ ಹೆಸರಾಗಿದೆ. ಅಂಥ ಕಡೆ ಎರಡು ಸ್ಟೆಪ್ನಿ ಇದ್ದರೂ ಹೆಚ್ಚಲ್ಲ.

ಮೊಬೈಲ್ ನಕ್ಷೆ ನಂಬಿ ಹೋಗಬಹುದೇ?

ಅದೊಂದನ್ನೇ ನಂಬಿ ಹೋಗಬಾರದು. ನಕ್ಷೆಯ ಆ್ಯಪ್‌ಗಳಿಗೆ ಅತಿ ಹತ್ತಿರದ ದಾರಿ ಗೊತ್ತು, ಆ ದಾರಿ ದಶಕಗಳ ಹಿಂದೆ ಗಣಿಯವರು ಬಿಟ್ಟುಹೋದ ಜಾಡು ಎಂಬುದು ಗೊತ್ತಿರುವುದಿಲ್ಲ. ಡೆತ್ ವ್ಯಾಲಿ ಉದ್ಯಾನದವರು ಜಿಪಿಎಸ್ ಒಂದನ್ನೇ ಅವಲಂಬಿಸಬೇಡಿ ಎಂದು ಪ್ರವಾಸಿಗರಿಗೆ ನೇರವಾಗಿಯೇ ಎಚ್ಚರಿಕೆ ಕೊಡುತ್ತಾರೆ, ಅದಕ್ಕೆ ಅಲ್ಲಿ ಪ್ರಾಣಗಳು ಹೋಗಿರುವುದೇ ಕಾರಣ.

ಓಸ್ಮ್ಯಾಂಡ್‌ನಂಥ ಆ್ಯಪ್‌ನಲ್ಲಿ ಆ ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು ತೆರೆದುಕೊಳ್ಳುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿ. ಕಾಗದದ ನಕ್ಷೆಯೂ ದಿಕ್ಸೂಚಿಯೂ ಜೊತೆಗಿರಲಿ. ಫೋನು ಬಿಸಿಲಿಗೆ ಕಾದು ತಾನೇ ಆರಿಹೋಗುವುದು ಮರುಭೂಮಿಯಲ್ಲಿ ದಿನನಿತ್ಯದ ಸಂಗತಿ. ಪ್ರತಿ ಕವಲಿನಲ್ಲೂ ಗಾಡಿ ನಿಲ್ಲಿಸಿ, ಇಳಿದು, ಹಿಂದಿರುಗಿ ನೋಡಿ. ಬರುವಾಗ ಕಾಣುವ ನೋಟ ಅದೇ, ಹೋಗುವಾಗಿನ ನೋಟಕ್ಕೂ ಅದಕ್ಕೂ ಸಂಬಂಧವೇ ಇಲ್ಲವೆನಿಸುವಷ್ಟು ವ್ಯತ್ಯಾಸವಿರುತ್ತದೆ.

ಸಿಗ್ನಲ್ ಸಿಗದ ಕಡೆ ಸಹಾಯ ಕೇಳುವುದು ಹೇಗೆ?

ಮೊದಲನೆಯದು ಹಣ ಖರ್ಚಿಲ್ಲದ್ದು: ಜವಾಬ್ದಾರಿಯುತರೊಬ್ಬರಿಗೆ ಬರಹದಲ್ಲಿ ತಿಳಿಸಿ ಹೋಗುವುದು. ಯಾವ ಜಾಡು, ಯಾವ ಗಾಡಿ, ನಂಬರ್ ಏನು, ಯಾರ್‍ಯಾರು ಇದ್ದಾರೆ, ಎಷ್ಟು ಹೊತ್ತಿಗೆ ಫೋನ್ ಬರಬೇಕು, ಬರದಿದ್ದರೆ ಯಾವ ನಂಬರಿಗೆ ಕರೆ ಮಾಡಬೇಕು. ಬರೆದು ಕೊಟ್ಟ ಮೇಲೆ ಜಾಡು ಬದಲಿಸಬೇಡಿ. ಹುಡುಕುವವರು ಬರೆದ ಜಾಗದಲ್ಲೇ ಹುಡುಕುತ್ತಾರೆ.

ಎರಡನೆಯದು ಉಪಗ್ರಹದ ನೆರವು. 406 ಮೆಗಾಹರ್ಟ್ಸ್‌ನಲ್ಲಿ ತುರ್ತು ಸಂಕೇತ ಕಳಿಸುವ ಪುಟ್ಟ ಸಾಧನಗಳಾದ ವೈಯಕ್ತಿಕ ಬೀಕನ್‌ಗಳನ್ನು ಕೊಸ್ಪಾಸ್-ಸರ್ಸಾಟ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆ ಆಲಿಸುತ್ತದೆ; 1982ರಿಂದ ಅದು ಜೀವ ಉಳಿಸುತ್ತ ಬಂದಿದೆ. ಆದರೆ ಬೀಕನ್ನಿನಿಂದ ಮಾತು ಆಡಲಾಗದು. ಉಪಗ್ರಹ ಸಂದೇಶ ಸಾಧನಗಳಲ್ಲಿ ಎರಡೂ ಕಡೆಯಿಂದ ಬರೆದು ಮಾತಾಡಬಹುದು, ‘ಗಾಡಿ ಕೆಟ್ಟಿದೆ, ಎಲ್ಲರೂ ಕ್ಷೇಮ’ ಎಂದು ತಿಳಿಸಬಹುದು. ನಾನು ಆರಿಸುವುದು ಇದನ್ನೇ. ಇತ್ತೀಚಿನ ಕೆಲವು ಮೊಬೈಲ್‌ಗಳಲ್ಲೂ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಸೌಲಭ್ಯವಿದೆ, ಆದರೆ ಎಲ್ಲ ದೇಶಗಳಲ್ಲೂ ಇಲ್ಲ. ಭಾರತವೂ ಸೇರಿದಂತೆ ಕೆಲವು ದೇಶಗಳಲ್ಲಿ ಅನುಮತಿಯಿಲ್ಲದೆ ಉಪಗ್ರಹ ಫೋನ್ ಇಟ್ಟುಕೊಳ್ಳುವುದು ಅಪರಾಧ. ಹೋಗುವ ದೇಶದ ನಿಯಮವನ್ನು ಮೊದಲೇ ತಿಳಿದುಕೊಳ್ಳಿ.

ಗಾಡಿ ಎತ್ತಲು, ಎಳೆಯಲು ಏನೇನು ಬೇಕು?

ಉದ್ದ ಹಿಡಿಯ ಸನಿಕೆ, ಚಕ್ರದಡಿ ಇಡುವ ಒಂದು ಜೊತೆ ಹಲಗೆಗಳು, ಜ್ಯಾಕ್ ಮರಳಿನಲ್ಲಿ ಇಳಿಯದಂತೆ ಅದರ ಕೆಳಗಿಡಲು ದಪ್ಪ ಮರದ ತುಂಡು, ಎಳೆಯುವ ಹಗ್ಗ, ಅದನ್ನು ಕಟ್ಟಲು ಭಾರಕ್ಕೆ ತಕ್ಕ, ಲೋಹದ ಕೊಂಡಿಗಳಾದ ಶ್ಯಾಕಲ್‌ಗಳು, ದಪ್ಪ ಕೈಗವಸು. ಇವುಗಳಲ್ಲಿ ಸನಿಕೆ ಮತ್ತು ಹಲಗೆಗಳೇ ಹೆಚ್ಚು ಕೆಲಸಕ್ಕೆ ಬರುವುದು.

ಹಗ್ಗದ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ಹಿಗ್ಗುವ ಹಗ್ಗದಲ್ಲಿ ಸಂಗ್ರಹವಾಗುವ ಬಲ ಅಪಾರ. ಅದನ್ನು ಎಂದಿಗೂ ಟ್ರೇಲರ್ ಎಳೆಯಲು ಗಾಡಿಯ ಹಿಂದಿರುವ ಗುಂಡಿನಾಕಾರದ ಕೊಂಡಿಗೆ ಸಿಕ್ಕಿಸಬೇಡಿ. ಆ ಗುಂಡು ಕಿತ್ತು ಹಾರಿ ಜನ ಸತ್ತಿದ್ದಾರೆ. ಎಳೆಯುವುದಕ್ಕೆಂದೇ ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ, ಬೋಲ್ಟ್ ಹಾಕಿದ ಕೊಂಡಿಗಳು ಎಲ್ಲಿವೆ ಎಂದು ಗಾಡಿಯ ಕೈಪಿಡಿಯಲ್ಲಿ ನೋಡಿಟ್ಟುಕೊಳ್ಳಿ. ಎಳೆಯುವಾಗ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು, ಹಗ್ಗವನ್ನು ಯಾರೂ ದಾಟಬಾರದು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಎಂಬಂತೆ ಹೂತ ಮೇಲೆ ಪೊಟ್ಟಣ ಬಿಚ್ಚಿ ಕೈಪಿಡಿ ಓದುವುದು ಬೇಡ. ಎಲ್ಲವನ್ನೂ ಒಮ್ಮೆ ಮುಂಚೆಯೇ ಬಳಸಿ ನೋಡಿ.

ಮರಳಿನಲ್ಲಿ ಓಡಿಸುವ ಬಗೆ ಯಾವುದು?

ಹದವಾದ, ಒಂದೇ ಸಮನಾದ ಚಲನೆ. ಮರಳು ಶುರುವಾಗುವ ಮೊದಲೇ ನಾಲ್ಕು ಚಕ್ರದ ಚಾಲನೆಗೆ ಬನ್ನಿ, ಮಧ್ಯದಲ್ಲಿ ಗೇರ್ ಬದಲಿಸಲು ತಡವರಿಸಬೇಡಿ. ನಿಲ್ಲಬೇಕಾದರೆ ಬ್ರೇಕ್ ಒತ್ತುವ ಬದಲು ಆಕ್ಸಿಲರೇಟರ್ ಬಿಟ್ಟು ಗಾಡಿಯನ್ನು ತಾನಾಗಿ ನಿಲ್ಲಲು ಬಿಡಿ, ಸಾಧ್ಯವಾದರೆ ಇಳಿಜಾರಿನ ಕಡೆಗೆ ಮುಖ ಮಾಡಿ ನಿಲ್ಲಿಸಿ. ಬ್ರೇಕ್ ಹಾಕಿದರೆ ಟಯರಿನ ಮುಂದೆ ಮರಳು ಗುಡ್ಡೆಯಾಗುತ್ತದೆ, ಮತ್ತೆ ಹೊರಡುವಾಗ ಅದನ್ನೇ ಹತ್ತಬೇಕು. ಚಕ್ರ ಜಾರಿದ ಕೂಡಲೇ ಶಕ್ತಿ ಕತ್ತರಿಸುವ ಟ್ರ್ಯಾಕ್ಷನ್ ಕಂಟ್ರೋಲನ್ನು ಆಳ ಮರಳಿನಲ್ಲಿ ಆರಿಸುವುದೇ ಒಳ್ಳೆಯದು.

ದಿಬ್ಬವನ್ನು ನೇರವಾಗಿ ಹತ್ತಿ, ನೇರವಾಗಿ ಇಳಿಯಬೇಕು. ಅಡ್ಡಡ್ಡವಾಗಿ ಹೋದರೆ ಕೆಳಗಿನ ಚಕ್ರಗಳು ಹೂತು ಗಾಡಿ ಮಗುಚುತ್ತದೆ. ಅರ್ಧದಲ್ಲಿ ಶಕ್ತಿ ಸಾಲದೆ ನಿಂತರೆ ತಿರುಗಿಸಲು ಯತ್ನಿಸದೆ, ಬಂದ ಗೆರೆಯಲ್ಲೇ ರಿವರ್ಸ್ ಗೇರಿನಲ್ಲಿ ನೇರ ಹಿಂದಕ್ಕೆ ಇಳಿಯಿರಿ. ಗಾಳಿ ಬೀಸುವ ಕಡೆಯ ಮೈ ಗಟ್ಟಿಯಾಗಿ, ಸೌಮ್ಯವಾಗಿ ಏರಿರುತ್ತದೆ. ಆಚೆಯ ಮೈ 30 ಡಿಗ್ರಿಗಿಂತ ಕಡಿದಾಗಿ ಜಾರಿರುತ್ತದೆ. ನೆತ್ತಿಯ ಆಚೆ ಏನಿದೆಯೆಂದು ಕಾಣದಿದ್ದರೆ ಕೆಳಗೇ ನಿಲ್ಲಿಸಿ, ನಡೆದು ಹೋಗಿ ನೋಡಿ ಬನ್ನಿ. ಸಿಂಪ್ಸನ್‌ನಲ್ಲಿ ಪ್ರತಿ ಗಾಡಿಯೂ ನೆಲದಿಂದ 3.5 ಮೀಟರ್ ಎತ್ತರದಲ್ಲಿ ಬಾವುಟ ಕಟ್ಟಿರಬೇಕು ಎಂಬ ನಿಯಮವಿರುವುದು ಎದುರಿನಿಂದ ಬರುವವರಿಗೆ ನೆತ್ತಿಯಾಚೆಯಿಂದಲೇ ಅದು ಕಾಣಲಿ ಎಂದು.

ಬೆಳಗಿನ ಹೊತ್ತು ಮರಳು ತಂಪಾಗಿ, ಗಟ್ಟಿಯಾಗಿರುತ್ತದೆ, ಓರೆ ಬೆಳಕಿನಲ್ಲಿ ಏರಿಳಿತಗಳ ನೆರಳು ಸ್ಪಷ್ಟವಾಗಿ ಕಾಣುತ್ತದೆ. ನಡುಮಧ್ಯಾಹ್ನ ನೆರಳಿಲ್ಲದೆ ಎಲ್ಲವೂ ಚಪ್ಪಟೆಯಾಗಿ ಕಂಡು ಹಳ್ಳವನ್ನೂ ದಿಬ್ಬವನ್ನೂ ಕಣ್ಣು ಗುರುತಿಸುವುದಿಲ್ಲ.

ಬಂಡೆಗಳ ಮೇಲೆ?

ಎಷ್ಟು ಸಾಧ್ಯವೋ ಅಷ್ಟು ನಿಧಾನ. ಕಲ್ಲನ್ನು ಚಕ್ರಗಳ ನಡುವೆ ಬಿಡುವ ಬದಲು ಟಯರನ್ನೇ ಅದರ ಮೇಲೆ ಹತ್ತಿಸಿ, ಆಗ ಗಾಡಿಯ ಹೊಟ್ಟೆ ಮೇಲೇಳುತ್ತದೆ. ಅನುಮಾನವಿದ್ದಲ್ಲಿ ಒಬ್ಬರು ಇಳಿದು ಮುಂದೆ ನಿಂತು ಕೈಸನ್ನೆಯಿಂದ ದಾರಿ ತೋರಲಿ. ಹೆಬ್ಬೆರಳುಗಳನ್ನು ಸ್ಟೇರಿಂಗ್ ಚಕ್ರದ ಒಳಗೆ ಸುತ್ತಬೇಡಿ, ಕಲ್ಲು ತಗಲಿ ಅದು ಹಠಾತ್ ತಿರುಗಿದರೆ ಬೆರಳು ಮುರಿಯುತ್ತದೆ.

ಹೂತುಹೋದರೆ ಮೊದಲು ಏನು ಮಾಡಬೇಕು?

ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಮುಂದಕ್ಕೆ ಹೋಗುತ್ತಿಲ್ಲ ಎನಿಸಿದ ಆ ಕ್ಷಣದಲ್ಲೇ. ಇನ್ನೂ ಒತ್ತಿದರೆ ಪ್ರತಿ ಸುತ್ತಿಗೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಂಡು ಕೊನೆಗೆ ಚಾಸಿಯೇ ಮರಳಿನ ಮೇಲೆ ಕೂರುತ್ತದೆ. ಹತ್ತು ನಿಮಿಷದ ಕೆಲಸ ಎರಡು ಗಂಟೆಯದಾಗುತ್ತದೆ.

ಇಳಿದು, ನೀರು ಕುಡಿದು, ಸುತ್ತ ನಡೆದು ನೋಡಿ. ಯಾವ ಚಕ್ರ ಎಷ್ಟು ಇಳಿದಿದೆ, ಹೊಟ್ಟೆ ತಗಲಿದೆಯೇ, ಗಟ್ಟಿ ನೆಲ ಯಾವ ಕಡೆ ಹತ್ತಿರ? ಹೆಚ್ಚಿನ ಸಲ ಹಿಂದಕ್ಕೆ ಹೋಗುವುದೇ ಸುಲಭ, ಏಕೆಂದರೆ ನಿಮ್ಮದೇ ಚಕ್ರ ಅದುಮಿದ ಜಾಡು ಅಲ್ಲಿದೆ. ಹೊಟ್ಟೆಯಡಿಯ ಮರಳನ್ನು, ಹೋಗಬೇಕಾದ ದಿಕ್ಕಿನಲ್ಲಿ ನಾಲ್ಕೂ ಟಯರುಗಳೆದುರಿನ ಮರಳನ್ನು ಇಳಿಜಾರಾಗಿ ತೆಗೆಯಿರಿ. ಗಾಳಿ ಇನ್ನಷ್ಟು ಇಳಿಸಿ, ಹಲಗೆಗಳನ್ನು ಟಯರಿಗೆ ತಾಗುವಂತೆ ಸಿಕ್ಕಿಸಿ, ಅವು ಹಿಂದಕ್ಕೆ ಚಿಮ್ಮುವ ಸಾಧ್ಯತೆ ಇರುವುದರಿಂದ ಎಲ್ಲರನ್ನೂ ದೂರ ನಿಲ್ಲಿಸಿ, ಮೆಲ್ಲಗೆ ಎಬ್ಬಿಸಿ. ಇದಾಗದಿದ್ದರೆ ಮಾತ್ರ ಹಗ್ಗ. ಜ್ಯಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಯಾರೂ ಕೈಯನ್ನೂ ಹಾಕಬಾರದು.

ಒಣಹಳ್ಳದಲ್ಲಿ ತಂಗಬಹುದೇ? ಉಪ್ಪಿನ ಬಯಲಿನ ಮೇಲೆ ಓಡಿಸಬಹುದೇ?

ಎರಡೂ ಬೇಡ. ಮರುಭೂಮಿಯ ಗಟ್ಟಿ ನೆಲ ನೀರನ್ನು ಹೀರುವುದು ನಿಧಾನ, ಆದ್ದರಿಂದ ಹತ್ತಾರು ಕಿಲೋಮೀಟರ್ ಆಚೆ ಬೆಟ್ಟದಲ್ಲಿ ಸುರಿದ ಮಳೆ ನಿಮ್ಮ ತಲೆಯ ಮೇಲೆ ನೀಲಿ ಆಕಾಶವಿದ್ದರೂ ಹಳ್ಳವಾಗಿ ನುಗ್ಗಿಬರುತ್ತದೆ. 30 ಸೆಂಟಿಮೀಟರ್ ಆಳದ ಹರಿವು ಸಣ್ಣ ಕಾರನ್ನು ತೇಲಿಸಬಲ್ಲದು, 60 ಸೆಂಟಿಮೀಟರ್ ದೊಡ್ಡ ಎಸ್‌ಯುವಿಯನ್ನೂ ಕೊಚ್ಚಿಕೊಂಡು ಹೋಗಬಲ್ಲದು. ಹವಾಮಾನ ನೋಡುವಾಗ ಜಾಡಿನ ಮೇಲಿನ ಮೋಡವನ್ನಷ್ಟೇ ಅಲ್ಲ, ಆ ಹಳ್ಳಕ್ಕೆ ನೀರು ಕಳಿಸುವ ಬೆಟ್ಟಗಳ ಮೋಡವನ್ನೂ ನೋಡಿ. ಹಳ್ಳ ತುಂಬಿದ್ದರೆ ದಡದಲ್ಲಿ ಕಾಯಿರಿ. ಅಂಥ ನೀರು ಬಹುತೇಕ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಉಪ್ಪಿನ ಬಯಲಾದ ಒಣಸರೋವರದ ಬಿಳಿ ಚಕ್ಕೆಯ ಕೆಳಗೆ ಕೆಸರಿರಬಹುದು, ಅದರಲ್ಲಿ ಕೂತ ಗಾಡಿಯನ್ನು ಎಳೆಯಲು ಹೋದ ಗಾಡಿಯೂ ಕೂರುತ್ತದೆ. ಎಷ್ಟೋ ಕಡೆ ಕಾನೂನೂ ಅದನ್ನು ನಿಷೇಧಿಸುತ್ತದೆ.

ಗಾಡಿ ಪೂರ್ತಿ ಕೆಟ್ಟು ನಿಂತರೆ ನಡೆದು ಹೊರಡಬೇಕೇ?

ಬೇಡ, ಗಾಡಿಯನ್ನು ಬಿಡಬೇಡಿ. ಆಕಾಶದಿಂದ ಹುಡುಕುವವರಿಗೆ ಗಾಡಿ ಕಾಣುತ್ತದೆ, ನಡೆಯುವ ಮನುಷ್ಯ ಕಾಣುವುದಿಲ್ಲ. ನೀರು, ನೆರಳು, ಕನ್ನಡಿ, ದೀಪ ಎಲ್ಲವೂ ಅಲ್ಲೇ ಇವೆ. ಮರುಭೂಮಿಯ ದುರಂತಗಳಲ್ಲಿ ಗಾಡಿ ಮೊದಲು ಸಿಕ್ಕಿ, ಅದನ್ನು ಬಿಟ್ಟುಹೋದವರು ಆಮೇಲೆ ಸಿಗುವುದು ಮತ್ತೆ ಮತ್ತೆ ನಡೆದಿದೆ.

ಟಾರ್ಪಾಲನ್ನು ಗಾಡಿಗೆ ಕಟ್ಟಿ ನೆರಳು ಮಾಡಿ, ಬಿಸಿ ನೆಲದ ಮೇಲೆ ನೇರವಾಗಿ ಕೂರದೆ ಸೀಟನ್ನೋ ಚಾಪೆಯನ್ನೋ ಹಾಕಿಕೊಳ್ಳಿ. ಬಾನೆಟ್ ಎತ್ತಿಡಿ. ಕಲ್ಲು ಅಥವಾ ಬಟ್ಟೆಯಿಂದ ನೆಲದ ಮೇಲೆ ದೊಡ್ಡ ‘ವಿ’ ಅಕ್ಷರದ ಆಕಾರ ಮಾಡಿದರೆ ಸಹಾಯ ಬೇಕು ಎಂದು, ಎರಡು ಗೆರೆ ಅಡ್ಡಹಾಯ್ದ ಗುಣಾಕಾರ ಚಿಹ್ನೆ ಮಾಡಿದರೆ ವೈದ್ಯಕೀಯ ನೆರವು ಬೇಕು ಎಂದು ವಿಮಾನದವರಿಗೆ ಅರ್ಥವಾಗುತ್ತದೆ. ವಿಮಾನದ ಸದ್ದು ಕೇಳಿದಾಗ ಕನ್ನಡಿಯ ಬೆಳಕನ್ನು ಅದರತ್ತ ಹೊರಳಿಸಿ. ಕೆಲಸವೇನಿದ್ದರೂ ಮುಂಜಾನೆ ಅಥವಾ ಸಂಜೆ ಮಾಡಿ.

ಬಿಸಿಲಿನ ಆಘಾತವನ್ನು ಗುರುತಿಸುವುದು ಹೇಗೆ?

ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಮೊದಲ ಸೂಚನೆಗಳು. ಆಗಲೇ ನೆರಳಿಗೆ ತಂದು ಓಆರ್‌ಎಸ್ ಕುಡಿಸಿ. ಮಾತು ತೊದಲಿ, ಎಲ್ಲಿದ್ದೇನೆಂಬ ಅರಿವು ತಪ್ಪಿದರೆ ಮೈಯ ಒಳಗಿನ ಬಿಸಿ 40 ಡಿಗ್ರಿ ದಾಟಿರುವ ಸಾಧ್ಯತೆಯಿದೆ, ಅದು ಪ್ರಾಣಾಪಾಯ. ಬಟ್ಟೆ ಸಡಿಲಿಸಿ, ಮೈತುಂಬ ನೀರು ಹಾಕಿ ಗಾಳಿ ಬೀಸಿ, ಕೂಡಲೇ ತುರ್ತು ಸಂದೇಶ ಕಳಿಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ನಾನು ಚೆನ್ನಾಗಿದ್ದೇನೆ ಎಂದು ಅವರೇ ಹೇಳಿದರೂ ನಂಬಬೇಡಿ.

ಖಾಲಿ ಬಯಲಲ್ಲವೇ, ಜಾಡು ಬಿಟ್ಟು ಸ್ವಲ್ಪ ಓಡಿಸಿದರೆ ಏನಾಗುತ್ತದೆ?

ಖಾಲಿ ಬಯಲು ಎಂಬ ಮಾತೇ ಸರಿಯಲ್ಲ. ಎಷ್ಟೋ ಮರುಭೂಮಿಗಳ ಮೇಲ್ಮಣ್ಣು ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿಗಳು ಹೆಣೆದ ಜೀವಂತ ಪದರ. ಗಾಳಿಗೆ ಮಣ್ಣು ಹಾರದಂತೆ ಹಿಡಿದಿಡುವುದು, ಬಂದ ಅಲ್ಪ ತೇವವನ್ನು ಕಾಪಾಡುವುದು, ಬೀಜಕ್ಕೆ ಸಾರಜನಕ ಒದಗಿಸುವುದು ಅದೇ. ಒಂದು ಚಕ್ರ ಹರಿದರೆ ಅದು ಪುಡಿಯಾಗುತ್ತದೆ, ಮತ್ತೆ ಕೂಡಿಕೊಳ್ಳಲು ದಶಕಗಳು ಬೇಕು. ಎರಡನೆಯ ಮಹಾಯುದ್ಧಕ್ಕೆಂದು 1942ರಲ್ಲಿ ಜನರಲ್ ಪ್ಯಾಟನ್ ಮೊಹಾವಿಯಲ್ಲಿ ಸೈನಿಕರಿಗೆ ತರಬೇತಿ ಶುರುಮಾಡಿದರು. ಆ ಟ್ಯಾಂಕುಗಳ ಜಾಡು ಇಂದಿಗೂ ನೆಲದ ಮೇಲೆ ಕಾಣುತ್ತದೆ. ನಿಮ್ಮದೂ ಹಾಗೆಯೇ ಉಳಿಯುತ್ತದೆ, ಅದನ್ನು ನೋಡಿ ಇನ್ನೊಬ್ಬರು ದಾರಿಯೆಂದು ಹಿಂಬಾಲಿಸುತ್ತಾರೆ.

ನಿಲ್ಲಿಸಬೇಕಾದರೆ ಮೊದಲೇ ತುಳಿದ ಜಾಗದಲ್ಲಿ ನಿಲ್ಲಿಸಿ. ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ, ಸೈಲೆನ್ಸರಿನ ಬಿಸಿಗೆ ಬೆಂಕಿ ಹೊತ್ತಿಕೊಂಡು ಗಾಡಿಗಳೇ ಸುಟ್ಟುಹೋಗಿವೆ. ಮೊಹಾವಿಯಲ್ಲಿ ಹೊರಡುವ ಮೊದಲು ಗಾಡಿಯಡಿ ಬಗ್ಗಿ ನೋಡುವುದು ರೂಢಿ, ನೆರಳು ಹುಡುಕಿ ಮರುಭೂಮಿ ಆಮೆಗಳು ಅಲ್ಲಿ ಬಂದು ಕೂತಿರುತ್ತವೆ. ಶೌಚಕ್ಕೆ ನೀರಿನ ಜಾಗದಿಂದ 60 ಮೀಟರ್ ದೂರದಲ್ಲಿ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ ಮುಚ್ಚಿ. ಕಾಗದವನ್ನೂ ಕಸವನ್ನೂ ಚೀಲದಲ್ಲಿ ಮರಳಿ ತನ್ನಿ. ಕೆಲವು ಉದ್ಯಾನಗಳಲ್ಲಿ ಮಲವನ್ನೂ ಹೊತ್ತು ತರಬೇಕೆಂಬ ನಿಯಮವಿದೆ, ಅದಕ್ಕೆ ಬೇಕಾದ ಚೀಲಗಳು ಸಿಗುತ್ತವೆ.

ಮಕ್ಕಳನ್ನು ಕರೆದೊಯ್ಯಬಹುದೇ?

ತಂಪು ಕಾಲದಲ್ಲಿ, ಎರಡು ಗಾಡಿಗಳಿದ್ದರೆ, ಅರ್ಧ ದಿನದ ಜಾಡಿಗೆ ಖಂಡಿತ. ಅವರ ನೀರಿನ ಪಾಲನ್ನು ದೊಡ್ಡವರಷ್ಟೇ ಎಂದು ಲೆಕ್ಕ ಹಾಕಿ. ನಿಂತ ಗಾಡಿಯೊಳಗೆ ಒಂದು ನಿಮಿಷವೂ ಬಿಟ್ಟು ಹೋಗಬೇಡಿ.

ಡಾಂಬರಿಗೆ ಮರಳಿದ ಮೇಲೆ ಏನು ಮಾಡಬೇಕು?

ಗಾಳಿ ತುಂಬಿಸುವ ಹೊತ್ತಿನಲ್ಲೇ ಪ್ರತಿ ಟಯರಿನ ಒಳಬದಿಯ ಪಕ್ಕೆಯನ್ನು ಕೈಯಾಡಿಸಿ ನೋಡಿ, ಚಕ್ರದ ನಟ್ಟುಗಳನ್ನು ಬಿಗಿಮಾಡಿ, ಗಾಡಿಯಡಿ ಎಣ್ಣೆ ಸೋರುತ್ತಿದೆಯೇ ಎಂದು ಬಗ್ಗಿ ನೋಡಿ. ರೇಡಿಯೇಟರಿನ ಎದುರು ಹುಲ್ಲಿನ ಬೀಜ, ಕಡ್ಡಿ ಸಿಕ್ಕಿಕೊಂಡಿದ್ದರೆ ತೆಗೆಯಿರಿ. ಏರ್ ಫಿಲ್ಟರನ್ನು ಆ ವಾರದಲ್ಲೇ ಬಿಚ್ಚಿ ಸ್ವಚ್ಛಗೊಳಿಸಿ. ಜಾಡಿನಲ್ಲಿ ಎಲ್ಲಾದರೂ ಉಪ್ಪಿನ ನೆಲ ಸಿಕ್ಕಿದ್ದರೆ ಅಡಿಭಾಗವನ್ನು ಅದೇ ದಿನ ನೀರು ಹೊಡೆದು ತೊಳೆಸಿ. ಇವೆಲ್ಲಕ್ಕಿಂತ ಮೊದಲು, ಮೊಬೈಲಿಗೆ ಸಿಗ್ನಲ್ ಬಂದ ಕೂಡಲೇ, ಯಾರಿಗೆ ಬರೆದು ಕೊಟ್ಟು ಹೋಗಿದ್ದಿರೋ ಅವರಿಗೆ ಕರೆ ಮಾಡಿ ಮರಳಿ ಬಂದೆವೆಂದು ತಿಳಿಸಿ. ನೀವು ಮರೆತರೆ ಅವರು ಹೇಳಿದ ಹೊತ್ತಿಗೆ ಸರಿಯಾಗಿ ರಕ್ಷಣಾ ಪಡೆಗೆ ಕರೆ ಮಾಡುತ್ತಾರೆ, ಮಾಡಲೇಬೇಕು.